ಕಿಲೋ ಲೆಕ್ಕದ ತುಂಡು ಬಟ್ಟೆ ತರಿಸುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಚಿಕ್ಕ ಮಗು ಇಟ್ಟುಕೊಂಡು ತುಂಡು ಬಟ್ಟೆಯಲ್ಲಿ ಗೊಂಬೆ, ಬಿಬ್ (ಮಗುವಿನ ಕತ್ತಿಗೆ ಕಟ್ಟುವ ಜೊಲ್ಲುಬಟ್ಟೆ), ಬಟ್ಟೆ ಚೆಂಡು ಅಂತ ಹೊಲಿಯುವವರಿಗೆ ಈ ಬರಹ. ಕಿಲೋ ಲೆಕ್ಕದಲ್ಲಿ ಚೀಲ ಕಟ್ಟಿ ಕಳಿಸುವ "ಮಿಕ್ಸ್" ತುಂಡು ಬಟ್ಟೆ ಬರುತ್ತಲ್ಲ, ಅದರ ಬಗ್ಗೆ. "ಅಪ್ಪಟ ಕಾಟನ್, ಒಗೆದು ಆರಿಸಿದ್ದು, ಮಕ್ಕಳ ಸಾಮಾನಿಗೆ ಸೂಕ್ತ" ಅಂತ ಹಾಕಿದ್ದ ಚೀಲವೊಂದನ್ನು ನಾನು ತರಿಸಿದೆ. ಅದರೊಳಗೆ ಮುರಿದ ಸೂಜಿ ಇತ್ತು. ಸ್ಟೇಪ್ಲರ್ ಪಿನ್ನುಗಳಿದ್ದವು. ಬಣ್ಣ ಬಿಡುವ ಬಟ್ಟೆಗಂತೂ ಲೆಕ್ಕವೇ ಇಲ್ಲ. ಮಾರಿದವರ ಹೆಸರು ಹೇಳುವುದಿಲ್ಲ. ಇಂಥ ಚೀಲ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಎಲ್ಲರ ಜಾಹೀರಾತೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ.

ನನ್ನ ಮಗಳು ಈಗಷ್ಟೇ ಓಡಾಡಲು ಕಲಿತಿದ್ದಾಳೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅವಳು ಮಲಗಿದಾಗ ನಾನು ಹೊಲಿಯುತ್ತೇನೆ, ಎದ್ದ ಮೇಲೆ ನಾನು ಕತ್ತರಿಸಿಟ್ಟಿದ್ದನ್ನು ಎತ್ತಿಕೊಂಡು ಅವಳು ಓಡುತ್ತಾಳೆ. ಮೊದಲೆಲ್ಲ ಹಳೆಯ ಬೆಡ್‌ಶೀಟು, ನಮ್ಮದೇ ಹಳೆ ಬಟ್ಟೆಗಳಲ್ಲೇ ಕೆಲಸ ಸಾಗುತ್ತಿತ್ತು. ಪರಿಚಯದವರು ಒಂದಷ್ಟು ಬಿಬ್ ಹೊಲಿದುಕೊಡಿ ಅಂದಾಗ ಬಟ್ಟೆ ಜಾಸ್ತಿ ಬೇಕಾಯಿತು.

ಚೀಲ ನೋಡಲು ಚೆನ್ನಾಗಿಯೇ ಇತ್ತು. ಮೇಲುಗಡೆ ಹೂವಿನ ಪ್ರಿಂಟಿನ ಮೆತ್ತನೆ ಕಾಟನ್. ಕೆಳಗೆ ಕೈ ಹಾಕಿದ ಹಾಗೆಲ್ಲ ಬೇರೆಯೇ ಸರಕು. ಕಾಲರಿಗೆ ಹಾಕುವ ಕ್ಯಾನ್ವಾಸ್, ಲೈನಿಂಗ್ ಚೂರು, ಜಾರುವ ಸ್ಯಾಟಿನ್, ಮುಟ್ಟಿದರೆ ಮಿನುಗು ಉದುರುವ ನೆಟ್, ಎಣ್ಣೆ ಕಲೆಯ ದಪ್ಪ ಬಟ್ಟೆ. ಮೆಷಿನ್ ಎಣ್ಣೆಯ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ಒಗೆದಿದ್ದಾರೆ ಅನ್ನುವ ಮಾತು ಅಲ್ಲಿಗೇ ಮುಗಿಯಿತು.

ಸೂಜಿ ಸಿಕ್ಕಿದ್ದು ಒಂದು ತೋಳಿನ ತುಂಡಿನಲ್ಲಿ. ಹೊಲಿಗೆ ಕೆಟ್ಟು ಬಿಸಾಡಿದ ತೋಳಿರಬೇಕು, ಅಂಚನ್ನು ಎರಡು ಮಡಿಕೆ ಮಡಿಚಿ ಹೊಲಿದಿದ್ದರು. ಬಿಚ್ಚಿದರೆ ಒಂದಿಷ್ಟು ಬಟ್ಟೆ ಸಿಗುತ್ತದೆ ಅಂತ ಅಂಚನ್ನು ಬೆರಳಲ್ಲಿ ಸವರಿ ನೋಡುತ್ತಿದ್ದೆ. ಒಂದು ಕಡೆ ಗಟ್ಟಿ ಅನಿಸಿತು, ದಾರ ಗಂಟು ಬಿದ್ದ ಹಾಗೆ. ಬೆಳಕಿಗೆ ಹಿಡಿದೆ, ಏನೂ ಕಾಣಲಿಲ್ಲ. ಹೊಲಿಗೆ ಬಿಚ್ಚಿದಾಗ ಮಡಿಕೆಯೊಳಗೆ ಅಡ್ಡಡ್ಡ ಕೂತಿತ್ತು, ಮೆಷಿನ್ ಸೂಜಿಯ ಮೊನೆ, ದಾರ ಪೋಣಿಸುವ ತೂತಿನ ಹತ್ತಿರ ಮುರಿದದ್ದು. ನನ್ನ ಕಿರುಬೆರಳ ಉಗುರಿನಷ್ಟೂ ಉದ್ದ ಇರಲಿಲ್ಲ. ನಾವೆಲ್ಲ ಕಾಟನ್ನಿಗೆ ಬಳಸುವ 90/14 ನಂಬರಿನ ಸೂಜಿಯ ದಪ್ಪವೇ 0.9 ಮಿಲಿಮೀಟರ್, ಮೊನೆ ಅದಕ್ಕಿಂತ ಸಣ್ಣ. ಬಟ್ಟೆಯನ್ನು ಹಾಗೇ ಕತ್ತರಿಸಿ ಗೊಂಬೆಯೊಳಗೆ ತುರುಕಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದು ಹೇಗೆ ಬಂತು ಅನ್ನುವುದು ದೊಡ್ಡ ಒಗಟೇನಲ್ಲ. ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಕತ್ತರಿಸುವಾಗಲೇ 100ಕ್ಕೆ 10-15 ಪಾಲು ಚೂರಾಗಿ ಹೋಗುತ್ತದೆ ಅನ್ನುವುದು ಆ ಕೆಲಸದವರ ಸಾಮಾನ್ಯ ಲೆಕ್ಕ. ಮಕ್ಕಳ ಉಡುಪು ಹೊಲಿಯುವ ಒಳ್ಳೆಯ ಕಾರ್ಖಾನೆಗಳಲ್ಲಿ ಸೂಜಿ ಮುರಿದರೆ ಅದರ ಎಲ್ಲ ಚೂರನ್ನೂ ಹುಡುಕಿ ಕೊಟ್ಟ ಮೇಲೇ ಹೊಸ ಸೂಜಿ ಸಿಗುವುದು. ಆ ಚೂರುಗಳನ್ನು ದಾಖಲೆ ಪುಸ್ತಕದಲ್ಲಿ ಅಂಟಿಸಿಯೂ ಇಡುತ್ತಾರೆ. ಹೊಲಿದು ಮುಗಿದ ಉಡುಪು ಲೋಹ ಪತ್ತೆ ಮಾಡುವ ಯಂತ್ರದೊಳಗಿಂದ ಹಾದುಬರಬೇಕು. ಸಾಮಾನ್ಯವಾಗಿ 1ರಿಂದ 1.2 ಮಿಲಿಮೀಟರ್ ಗಾತ್ರದ ಕಬ್ಬಿಣದ ಗುಂಡು ಇದ್ದರೂ ಅದು ಕೂಗಿಕೊಳ್ಳುತ್ತದೆ. ಇಷ್ಟೆಲ್ಲ ಕಾವಲು ಉಡುಪಿಗೆ ಮಾತ್ರ. ನೆಲಕ್ಕೆ ಬಿದ್ದ ಚೂರನ್ನು ಗುಡಿಸಿ ಮೂಟೆ ಕಟ್ಟುತ್ತಾರೆ. ಆ ಮೂಟೆ ಯಾವ ಯಂತ್ರದೊಳಗೂ ಹೋಗುವುದಿಲ್ಲ. ನಾಲ್ಕಾರು ಕೈ ದಾಟಿದ ಮೇಲೆ ಯಾರೋ ಒಬ್ಬರು ಚೆಂದದ ತುಂಡುಗಳನ್ನು ಮೇಲೆ ಜೋಡಿಸಿ, ಫೋಟೋ ತೆಗೆದು, "ಕ್ರಾಫ್ಟ್ ಬಂಡಲ್" ಅಂತ ಹೆಸರಿಟ್ಟು ಮಾರುತ್ತಾರೆ.

ಹಾಗಾಗಿ ಇಂಥ ಚೀಲ ಬಂದರೆ ಮಗು ನಿದ್ದೆ ಮಾಡುವಾಗ, ಬಾಗಿಲು ಹಾಕಿಕೊಂಡು, ನೆಲಕ್ಕೆ ಬಿಳಿ ಬೆಡ್‌ಶೀಟ್ ಹಾಸಿ ಬಿಚ್ಚಿ. ಒಂದೊಂದೇ ತುಂಡು ಕೊಡವಿ, ಮೇಲೆ ಆಯಸ್ಕಾಂತ ಆಡಿಸಿ. ಹಳೆಯ ಸ್ಪೀಕರಿನ ದೊಡ್ಡ ಆಯಸ್ಕಾಂತ ಇದ್ದರೆ ಬಹಳ ಒಳ್ಳೆಯದು. ಚಿಕ್ಕ ಚಿಕ್ಕ ಶಕ್ತಿಶಾಲಿ ಆಯಸ್ಕಾಂತ ಮಾತ್ರ ಬೇಡ. ಮಗುವಿನ ಹೊಟ್ಟೆಗೆ ಅಂಥವು ಎರಡು ಹೋದರೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ತೂತು ಮಾಡಬಲ್ಲವು. ಉಕ್ಕಿನ ಸೂಜಿ, ಗುಂಡುಪಿನ್ನು, ಸ್ಟೇಪ್ಲರ್ ಪಿನ್ನನ್ನು ಆಯಸ್ಕಾಂತ ಎಳೆಯುತ್ತದೆ. ಹಿತ್ತಾಳೆಯ ಪಿನ್ನನ್ನು ಎಳೆಯುವುದಿಲ್ಲ, ಬೆಲೆಚೀಟಿ ನೇತುಹಾಕುವ ಪ್ಲಾಸ್ಟಿಕ್ ಎಳೆಯನ್ನೂ ಇಲ್ಲ. ಅದಕ್ಕೇ ಬೆರಳಲ್ಲಿ ಸವರುವುದನ್ನು ಬಿಡುವ ಹಾಗಿಲ್ಲ. ಮೊದಲೇ ಹೊಲಿಗೆ ಬಿದ್ದ ತುಂಡನ್ನಂತೂ ನಾನೀಗ ಬಿಚ್ಚುವುದೂ ಇಲ್ಲ, ಉಳಿಸುವುದೂ ಇಲ್ಲ. ನೇರ ಕಸಕ್ಕೆ. ಅಪ್ಪಿತಪ್ಪಿ ಮಗು ಪಿನ್ನೋ ಸೂಜಿಯೋ ನುಂಗಿದೆ ಅಂತ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗಬೇಡಿ, ತಿನ್ನಲು ಏನೂ ಕೊಡದೆ ಸೀದಾ ಆಸ್ಪತ್ರೆಗೆ ಹೋಗಿ. ಎಕ್ಸ್‌ರೇಯಲ್ಲಿ ಲೋಹ ಕಾಣುತ್ತದೆ.

ಸೂಜಿ ಕೈಗೆ ಸಿಕ್ಕಿ ಬಚಾವಾದೆವು. ಬಣ್ಣದ ವಿಷಯದಲ್ಲಿ ಹಾಗಾಗಲಿಲ್ಲ.

ಚೀಲದಲ್ಲಿ ಗಾಢ ಕೆಂಪು ಬಟ್ಟೆಯ ಉದ್ದುದ್ದ ಪಟ್ಟಿಗಳಿದ್ದವು. ಬಿಬ್ಬಿನ ಅಂಚಿಗೆ ಅಂತಲೇ ಕತ್ತರಿಸಿಟ್ಟ ಹಾಗಿದ್ದವು. ಹೊಲಿಯುವ ಮೊದಲು ತಣ್ಣೀರಲ್ಲಿ ನೆನೆಸಿದೆ, ನೀರು ತಿಳಿಯಾಗಿಯೇ ಇತ್ತು. ಬಿಳಿ ಕಾಟನ್ನಿಗೆ ಕೆಂಪು ಅಂಚು ಕೊಟ್ಟು ಹೊಲಿದೆ, ಒಂದನ್ನು ಮಗಳಿಗೆ ಕಟ್ಟಿದೆ, ಉಳಿದದ್ದು ಕೇಳಿದವರಿಗೆ ಹೋಯಿತು. ಮಗಳು ಅಂಚನ್ನು ಅಗಿಯುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಗಲ್ಲ, ತುಟಿ, ಕತ್ತಿನ ಮಡಿಕೆ ಎಲ್ಲ ಕೆಂಪು. ಎಲ್ಲೋ ಬಿದ್ದು ರಕ್ತ ಬಂದಿದೆ ಅಂತಲೇ ಎದೆ ಧಸಕ್ಕೆಂದಿತು. ಒರೆಸಿದರೆ ಬಟ್ಟೆಯ ಬಣ್ಣ. ಅಷ್ಟರಲ್ಲಿ ಬಿಬ್ ಕೊಂಡವರ ಫೋನ್ ಬಂತು, ಬಿಸಿನೀರಲ್ಲಿ ಒಗೆದರೆ ಬಿಳಿ ಭಾಗವೆಲ್ಲ ಗುಲಾಬಿಯಾಗಿದೆಯಂತೆ. ದುಡ್ಡು ವಾಪಸ್ ಕೊಟ್ಟೆ. ಅವರ ಮಗುವೂ ಅದನ್ನು ಚೀಪಿತ್ತಾ ಅಂತ ಕೇಳಲು ಬಾಯಿ ಬರಲಿಲ್ಲ.

ತಣ್ಣೀರಲ್ಲಿ ಬಿಡದ ಬಣ್ಣ ಮೈಬಿಸಿ, ಜೊಲ್ಲು, ಉಜ್ಜಾಟ ಮೂರೂ ಸೇರಿದಾಗ ಬಿಡುತ್ತದೆ. ಆಟಿಕೆಗಳ ಬಣ್ಣ ಜೊಲ್ಲಿಗೂ ಬೆವರಿಗೂ ತಡೆಯುತ್ತದಾ ಅಂತ ನೋಡಲೆಂದೇ ಜರ್ಮನಿಯಲ್ಲಿ ಡಿಐಎನ್ 53160 ಅಂತ ಬೇರೆ ಪರೀಕ್ಷೆ ಇದೆ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಬಿಳಿ ಕಾಟನ್ ತುಂಡನ್ನು ಬೆಚ್ಚಗಿನ ಸೋಪುನೀರಲ್ಲಿ ಅದ್ದಿ, ಬಣ್ಣದ ಬಟ್ಟೆಯ ಜೊತೆ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಬಿಳಿ ತುಂಡಿಗೆ ಬಣ್ಣದ ಛಾಯೆ ಬಂದಿದ್ದರೆ ಆ ಬಟ್ಟೆ ಮಗುವಿನ ಸಾಮಾನಿಗೆ ಬೇಡ. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ನೀವೂ ಕೇಳಿರುತ್ತೀರಿ. ಕಾರ್ಖಾನೆಯಲ್ಲಿ ಬಣ್ಣ ಹಾಕಿದ ಕಾಟನ್ನಿಗೆ ಅದು ಸುಮ್ನೆ ಸಮಾಧಾನ ಅಷ್ಟೆ, ಬಟ್ಟೆಗೆ ಕಚ್ಚದ ಬಣ್ಣವನ್ನು ಅದು ಕಚ್ಚಿಸುವುದಿಲ್ಲ.

ಬಣ್ಣ ಬಿಡದಿದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಅಜೋ ಅನ್ನುವ ಗುಂಪಿನ ಕೆಲವು ಕೃತಕ ಬಣ್ಣಗಳು ಒಡೆದಾಗ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಾಗುತ್ತವೆ. ಮೈಗೆ ತಾಗುವ ಬಟ್ಟೆಯಲ್ಲಿ ಅಂಥ ಬಣ್ಣ ಇರಬಾರದು ಅಂತ ಯುರೋಪಿಯನ್ ಒಕ್ಕೂಟ 2002ರಲ್ಲೇ ನಿಯಮ ಮಾಡಿತು. ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯಾ ಅಂತ ಪರೀಕ್ಷಿಸಿ ಕೊಡುವ ಓಕೋ-ಟೆಕ್ಸ್ (OEKO-TEX) ಸ್ಟ್ಯಾಂಡರ್ಡ್ 100 ಅನ್ನುವ ಗುರುತಿನಲ್ಲಿ 3 ವರ್ಷದೊಳಗಿನ ಮಕ್ಕಳ ಬಟ್ಟೆಗೆ ಮೊದಲನೇ ದರ್ಜೆ ಅಂತ ಎಲ್ಲಕ್ಕಿಂತ ಬಿಗಿಯಾದ ವರ್ಗವೇ ಇದೆ. ಆದರೆ ಆ ಚೀಟಿ ಇರುವುದು ಥಾನಿನ ಮೇಲೆ, ಇಲ್ಲವೇ ಉಡುಪಿನ ಮೇಲೆ. ಮೂಟೆಯಲ್ಲಿ ಬಂದ ಚೂರಿಗೆ ಊರೂ ಇಲ್ಲ, ಹೆಸರೂ ಇಲ್ಲ. ಮಗು ಬಾಯಿಗೆ ಹಾಕುವ ಯಾವ ವಸ್ತುವಿಗೂ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಗಾಢ ಬಣ್ಣದ ಬಟ್ಟೆಯನ್ನು ನಾನೀಗ ಮುಟ್ಟುವುದಿಲ್ಲ. ಹತ್ತಾರು ಸಲ ಒಗೆದು ಬಣ್ಣ ಮಾಸಿದ ನಮ್ಮದೇ ಹಳೆ ಬೆಡ್‌ಶೀಟು ಇದಕ್ಕಿಂತ ಎಷ್ಟೋ ವಾಸಿ.

"ಅಪ್ಪಟ ಕಾಟನ್" ಕಥೆಯನ್ನೂ ಹೇಳಿಬಿಡುತ್ತೇನೆ. ಅಂಚಿನಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ, ಸಿಂಕಿನ ಮೇಲೆ ಹಿಡಿದು, ಮಗು ಹತ್ತಿರ ಇಲ್ಲದಾಗ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಮುದುಡಿ ಗಟ್ಟಿ ಕರಿ ಮಣಿಯಾಗುತ್ತದೆ. ನನ್ನ ಚೀಲದಲ್ಲಿ ಮಣಿಯಾದದ್ದೇ ಜಾಸ್ತಿ. ಬಿಬ್ಬಿಗೆ ಇದು ದಂಡ. ಸಾಮಾನ್ಯ ಹವೆಯಲ್ಲಿ ಕಾಟನ್ ತನ್ನ ತೂಕದ 100ಕ್ಕೆ ಸುಮಾರು 8 ಪಾಲು ತೇವ ಹಿಡಿದುಕೊಂಡಿರುತ್ತದೆ, ಪಾಲಿಯೆಸ್ಟರ್ ಸುಮಾರು 0.4. ಜೊಲ್ಲು ಮೇಲಿಂದ ಜಾರಿ ಕತ್ತಿಗೆ ಇಳಿಯುತ್ತದೆ, ಕತ್ತು ಕೆಂಪಗಾಗಿ ಮಗು ರಚ್ಚೆ ಹಿಡಿಯುತ್ತದೆ. ಕಾಟನ್ ಅಂತ ನಂಬಿ ಬಿಸಿ ಇಸ್ತ್ರಿ ಇಟ್ಟರೆ ಇನ್ನೊಂದು ಅವಾಂತರ. ಕಾಟನ್ನಿನ ಬಿಸಿ 200 ಡಿಗ್ರಿ, ಪಾಲಿಯೆಸ್ಟರಿಗೆ 150 ದಾಟಬಾರದು. ನನ್ನ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಕಾಲರ್ ಕ್ಯಾನ್ವಾಸಿನ ಗೋಂದು ಮೆತ್ತಿಕೊಂಡು ಮುಂದಿನ ಬಟ್ಟೆಯೂ ಹಾಳಾಯಿತು.

ಕೆಲವು ಚೀಲಗಳ ಜೊತೆ "ಉಚಿತ" ಅಂತ ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣುಗಳ ಪೊಟ್ಟಣ ಬರುತ್ತದೆ. ಅದನ್ನು ಆಗಲೇ ಎತ್ತಿಡಿ. 3 ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ 31.7 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ಬಿಡಿಭಾಗ ಇರಬಾರದು ಅನ್ನುವುದು ಹಲವು ದೇಶಗಳ ನಿಯಮ. ಅಂಟಿಸಿದ್ದು ಎಷ್ಟು ಗಟ್ಟಿ ಅಂತ ನೋಡಲು ಯುರೋಪಿನ ಇಎನ್ 71 ಅನ್ನುವ ಆಟಿಕೆ ಪರೀಕ್ಷೆಯಲ್ಲಿ 90 ನ್ಯೂಟನ್‌ವರೆಗಿನ ಬಲದಿಂದ, ಅಂದರೆ ಸುಮಾರು 9 ಕಿಲೋ ತೂಕ ನೇತುಹಾಕಿದಷ್ಟು, ಎಳೆಯುತ್ತಾರೆ. ಮನೆಯಲ್ಲಿ ಎರಡೆಳೆ ದಾರದಲ್ಲಿ ಹೊಲಿದ ಗುಂಡಿ ಅದನ್ನು ತಡೆಯುತ್ತದೆ ಅಂತ ನನಗಂತೂ ಧೈರ್ಯವಿಲ್ಲ. ಗೊಂಬೆಗೆ ಕಣ್ಣು, ಮೂಗು ದಾರದಲ್ಲೇ ಕಸೂತಿ ಹಾಕಿದರಾಯಿತು, ಅಲ್ವಾ?

ಇನ್ನು ಮಾರಿದವರ ವಿಷಯ. ಸೂಜಿಯ ಫೋಟೋ ಕಳಿಸಿದೆ. "ಅದು ನಿಮ್ಮ ಮೆಷಿನ್ನಿನದ್ದೇ ಇರಬಹುದು ಮೇಡಂ" ಅಂದರು. ಬಣ್ಣದ ಬಗ್ಗೆ ಕೇಳಿದರೆ "ಮೊದಲ ಸಲ ಎಲ್ಲ ಬಟ್ಟೆಯೂ ಬಣ್ಣ ಬಿಡುತ್ತೆ". ಹಾಗಾದರೆ ಒಗೆದಿದ್ದೇವೆ ಅಂತ ಹಾಕಿದ್ದೀರಲ್ಲ ಅಂದೆ. ಉತ್ತರವಿಲ್ಲ. ಚೀಲ ವಾಪಸ್ ತಗೊಳ್ಳಿ ಅಂದರೆ, ಬಿಚ್ಚಿದ ಚೀಲ ತಗೊಳ್ಳುವುದಿಲ್ಲವಂತೆ. ಬಿಚ್ಚದೆ ಒಳಗೇನಿದೆ ಅಂತ ಯಾರಿಗೆ ಗೊತ್ತಾಗಬೇಕು? ಕೊನೆಗೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು. ಜಾಹೀರಾತಿನಲ್ಲಿದ್ದ "ಒಗೆದು ಆರಿಸಿದ್ದು" ಅನ್ನುವ ಸಾಲು ಆಮೇಲೆ ಮಾಯವಾಗಿತ್ತು. ನಾನು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರಿಂದ ಹಣ ಪಾವತಿಯ ಆ್ಯಪ್‌ನಲ್ಲಿ ದೂರು ಕೊಡಲಾಯಿತು, ಒಂದಷ್ಟು ಹಣ ವಾಪಸ್ ಬಂತು.

ನೀವೂ ತರಿಸುವುದಾದರೆ ಜಾಹೀರಾತನ್ನು ಮೊದಲೇ ಫೋಟೋ ಹಿಡಿದಿಡಿ, ಚೀಲ ಬಿಚ್ಚುವುದನ್ನು ಮೊದಲಿಂದ ಕೊನೆವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ದುಡ್ಡು ಕಳಿಸುವ ಮುಂಚೆ ಬರಹದಲ್ಲಿ ಕೇಳಿ: ಇದು ಥಾನಿನ ಕೊನೆಯಲ್ಲಿ ಉಳಿದ ತುಂಡಾ, ನೆಲ ಗುಡಿಸಿದ ಚೂರಾ? ಹೊಲಿಗೆ ಬಿದ್ದ ತುಂಡು ಇದೆಯಾ? ಚೀಲದ ತಳದ ಫೋಟೋ ಕಳಿಸುತ್ತೀರಾ? ತಳದ ಫೋಟೋ ಕೇಳಿದ ತಕ್ಷಣ ಮಾತು ಹಾರಿಸುವವರಿಗೆ ದುಡ್ಡು ಹಾಕಬೇಡಿ.