ಲಿನಕ್ಸ್‌ನಲ್ಲಿ ವಿಂಡೋಸ್ ಪಾರ್ಟಿಷನ್: ಕೊಪ್ಪಳದ ಒಂದು ಫೋಟೊ ಸ್ಟುಡಿಯೊದ ಅನುಭವ

ಕೊಪ್ಪಳದ ನಮ್ಮ ಫೋಟೊ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಹನ್ನೊಂದು ವರ್ಷಗಳ ಮದುವೆ, ಸೀಮಂತ, ಗೃಹಪ್ರವೇಶಗಳ ಚಿತ್ರಗಳೂ ಪ್ರತಿ ಜನವರಿಯ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ತೆಗೆದ ತೇರಿನ ವಿಡಿಯೊಗಳೂ ಡಿ ಡ್ರೈವ್ ಎಂಬ ಒಂದೇ ಪಾರ್ಟಿಷನ್ನಿನಲ್ಲಿ ತುಂಬಿಕೊಂಡಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ನಮ್ಮ ಪ್ರೊಸೆಸರ್ ಹಳೆಯದಾದ್ದರಿಂದ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಹಾಕಿಸಿದೆ. ಆಲ್ಬಂ ವಿನ್ಯಾಸದ ತಂತ್ರಾಂಶವೊಂದು ವಿಂಡೋಸ್‌ನಲ್ಲಿ ಮಾತ್ರ ನಡೆಯುವುದರಿಂದ ವಿಂಡೋಸನ್ನು ಪೂರ್ತಿ ತೆಗೆಯದೆ, ಇಂಟರ್ನೆಟ್ ಸಂಪರ್ಕವಿಲ್ಲದಂತೆ ಸಿ ಡ್ರೈವ್‌ನಲ್ಲಿ ಉಳಿಸಿಕೊಂಡಿದ್ದೇನೆ. ಹೀಗಾಗಿ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುವ ಡಿ ಡ್ರೈವ್ ಎರಡೂ ವ್ಯವಸ್ಥೆಗಳು ಹಂಚಿಕೊಳ್ಳುವಂತೆ ಉಳಿಯಿತು. ಅದನ್ನು ಲಿನಕ್ಸ್‌ನಿಂದ ಓದಲು ಮತ್ತು ಬರೆಯಲು ಇರುವ ಎರಡು ಡ್ರೈವರ್‌ಗಳನ್ನು (ಡಿಸ್ಕಿನ ಭಾಷೆಯನ್ನು ವ್ಯವಸ್ಥೆಗೆ ತಿಳಿಸಿಕೊಡುವ ತಂತ್ರಾಂಶಗಳನ್ನು) ಕಳೆದ ಕೆಲವು ತಿಂಗಳು ದಿನನಿತ್ಯದ ಕೆಲಸದಲ್ಲಿ ಬಳಸಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ 3.1ರ ಜೊತೆ ಬಂದ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಮೈಕ್ರೋಸಾಫ್ಟ್‌ನ ಸ್ವಂತ ವ್ಯವಸ್ಥೆ. ಅದರ ಒಳರಚನೆಯ ಪೂರ್ಣ ವಿವರಗಳು ಹೊರಗಿನವರಿಗೆ ಸಿಗದಿದ್ದ ಕಾರಣ ಲಿನಕ್ಸ್ ಕಡೆಯವರು ಡಿಸ್ಕನ್ನು ಬಗೆದು ನೋಡಿ, ವರ್ಷಗಟ್ಟಲೆ ಶ್ರಮಪಟ್ಟು ಅದನ್ನು ಅರಿತುಕೊಳ್ಳಬೇಕಾಯಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿದ್ದ ಹಳೆಯ ಡ್ರೈವರ್ ಬಹುಕಾಲ ಓದುವುದಕ್ಕಷ್ಟೇ ನೆಚ್ಚಬಹುದಾದಂತಿತ್ತು. ಈ ಕೊರತೆಯನ್ನು ನೀಗಿಸಿದ್ದು ಎನ್‌ಟಿಎಫ್‌ಎಸ್-3ಜಿ. ಇದರ ಮೊದಲ ಸ್ಥಿರ ಆವೃತ್ತಿ 2007ರಲ್ಲಿ ಬಂತು. ಇದು ಕರ್ನಲ್‌ನ ಒಳಗಲ್ಲದೆ ಫ್ಯೂಸ್ ಎಂಬ ಸೌಲಭ್ಯದ ಮೂಲಕ ಸಾಮಾನ್ಯ ಪ್ರೋಗ್ರಾಮಿನಂತೆ ಹೊರಗಿನಿಂದಲೇ ನಡೆಯುತ್ತದೆ. ಆದ್ದರಿಂದ ಪ್ರತಿ ಓದು, ಪ್ರತಿ ಬರಹವೂ ಕರ್ನಲ್ ಮತ್ತು ಈ ಪ್ರೋಗ್ರಾಮಿನ ನಡುವೆ ಹೋಗಿ ಬರಬೇಕಾಗಿ, ಪ್ರೊಸೆಸರಿನ ಮೇಲೆ ಭಾರ ಬೀಳುತ್ತದೆ. ಒಂದು ದೊಡ್ಡ ವಿಡಿಯೊ ನಕಲು ಮಾಡುವಾಗ ಇದು ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಒಂದು ಮದುವೆಯ ಮೂರು ಸಾವಿರ ಚಿತ್ರಗಳಿರುವ ಫೋಲ್ಡರನ್ನು ತೆರೆದು ಕಿರುಚಿತ್ರಗಳು ಮೂಡುವುದನ್ನು ಕಾಯುವಾಗ, ಗ್ರಾಹಕರು ಎದುರಿಗೆ ಕುಳಿತಿದ್ದರೆ, ಆ ವಿಳಂಬ ಚೆನ್ನಾಗಿ ಅರಿವಿಗೆ ಬರುತ್ತದೆ.

ಎರಡನೆಯದು ಎನ್‌ಟಿಎಫ್‌ಎಸ್3. ಪ್ಯಾರಗಾನ್ ಸಾಫ್ಟ್‌ವೇರ್ ಕಂಪನಿ ಬರೆದುಕೊಟ್ಟ ಈ ಡ್ರೈವರ್ 2021ರಲ್ಲಿ ಬಿಡುಗಡೆಯಾದ ಲಿನಕ್ಸ್ 5.15ರಿಂದ ಕರ್ನಲ್‌ನ ಒಳಗೇ ಇದೆ. ಹಳೆಯ ಡ್ರೈವರನ್ನು ಆಮೇಲೆ 2024ರ 6.9ರಲ್ಲಿ ತೆಗೆದುಹಾಕಲಾಯಿತು. ಹೆಸರುಗಳ ಹೋಲಿಕೆಯಿಂದ ಹಲವರು ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಮೌಂಟ್ ಮಾಡುವಾಗ, ಅಂದರೆ ಡ್ರೈವನ್ನು ಬಳಕೆಗೆ ತೆರೆಯುವಾಗ, ಯಾವುದರ ಹೆಸರು ಕೊಡುತ್ತೇವೆ ಎಂಬುದರ ಮೇಲೆ ನಡವಳಿಕೆಯೇ ಬೇರೆಯಾಗುವುದರಿಂದ ಈ ವ್ಯತ್ಯಾಸವನ್ನು ಮೊದಲೇ ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು. ವೇಗದಲ್ಲಿ ಎನ್‌ಟಿಎಫ್‌ಎಸ್3 ನಿಸ್ಸಂದೇಹವಾಗಿ ಮುಂದಿದೆ. ಅದೇ ಮೂರು ಸಾವಿರ ಚಿತ್ರಗಳ ಫೋಲ್ಡರ್ ನಮ್ಮ ಹಳೆಯ ಯಂತ್ರದಲ್ಲೂ ತಡವರಿಸದೆ ತೆರೆಯಿತು.

ವೇಗ ಕಂಡು ಸಂತೋಷಪಟ್ಟು ಡಿ ಡ್ರೈವನ್ನು ಸಂಪೂರ್ಣವಾಗಿ ಎನ್‌ಟಿಎಫ್‌ಎಸ್3ಕ್ಕೆ ಒಪ್ಪಿಸಿದ್ದೆ. ಈ ವರ್ಷದ ಜಾತ್ರೆಯ ರಾತ್ರಿ ಕ್ಯಾಮೆರಾದ ಕಾರ್ಡಿನಿಂದ ತೇರಿನ ವಿಡಿಯೊಗಳನ್ನು ಇಳಿಸಿಕೊಳ್ಳುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರಿಂದ ಯಂತ್ರವೂ ಕೂಡಲೇ ಆರಿತು. ಮತ್ತೆ ಚಾಲೂ ಮಾಡಿದಾಗ ಡಿ ಡ್ರೈವ್ ತೆರೆಯಲೇ ಇಲ್ಲ. ಪಾರ್ಟಿಷನ್ ‘ಡರ್ಟಿ’ ಆಗಿದೆ, ಅಂದರೆ ಸರಿಯಾಗಿ ಮುಚ್ಚಿಲ್ಲ ಎಂದು ಗುರುತಾಗಿದ್ದರೆ, ‘ಫೋರ್ಸ್’ ಎಂಬ ಆಯ್ಕೆಯನ್ನು ನಾವಾಗಿ ಕೊಡದ ಹೊರತು ಎನ್‌ಟಿಎಫ್‌ಎಸ್3 ಅದನ್ನು ಮೌಂಟ್ ಮಾಡುವುದಿಲ್ಲ. ಹನ್ನೊಂದು ವರ್ಷಗಳ ಚಿತ್ರಗಳು ಒಳಗಿರುವಾಗ ಬಲವಂತ ಮಾಡಲು ನನಗೆ ಧೈರ್ಯ ಬರಲಿಲ್ಲ. ವಿಂಡೋಸ್ ತೆರೆದು ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಿದೆ. ಅದು ಮುಗಿಯುವವರೆಗಿನ ಆ ಹೊತ್ತು ನನಗೆ ಬಹಳ ದೀರ್ಘವೆನಿಸಿತು. ಕೊನೆಯಲ್ಲಿ ನಕಲಾಗುತ್ತಿದ್ದ ಒಂದು ವಿಡಿಯೊ ಬಿಟ್ಟರೆ ಎಲ್ಲವೂ ಉಳಿದಿತ್ತು. ಆ ವಿಡಿಯೊ ಕಾರ್ಡಿನಲ್ಲಿ ಇನ್ನೂ ಇತ್ತು.

ಎನ್‌ಟಿಎಫ್‌ಎಸ್-3ಜಿ ಆಗಿದ್ದರೆ ಬಹುಶಃ ಅದೇ ಪಾರ್ಟಿಷನ್ನನ್ನು ತಕರಾರಿಲ್ಲದೆ ತೆರೆಯುತ್ತಿತ್ತು. ಆದರೆ ತೆರೆಯುವುದೇ ಬೇರೆ, ದುರಸ್ತಿಯೇ ಬೇರೆ. ವಿಂಡೋಸ್‌ನ ಚೆಕ್‌ಡಿಸ್ಕ್‌ಗೆ ಸರಿಸಾಟಿಯಾದ ದುರಸ್ತಿ ಸಾಧನ ಲಿನಕ್ಸ್‌ನಲ್ಲಿ ಇಲ್ಲದಿರುವುದೇ ಈ ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಸಾಧನವಿದೆ, ನಿಜ. ಅದು ಕೆಲವು ಸಣ್ಣ ದೋಷಗಳನ್ನು ಸರಿಪಡಿಸಿ, ಜರ್ನಲ್ (ಬದಲಾವಣೆಗಳ ದಾಖಲೆ) ಖಾಲಿ ಮಾಡಿ, ಮುಂದಿನ ಸಲ ವಿಂಡೋಸ್ ತಾನೇ ಪರೀಕ್ಷಿಸುವಂತೆ ಗುರುತು ಹಾಕುತ್ತದೆ, ಅಷ್ಟೇ. ಆದ್ದರಿಂದ ವಿಂಡೋಸ್ ಇರುವ ಯಂತ್ರವೊಂದು ಕೈಗೆಟುಕುವಂತಿಲ್ಲದವರು ಅಮೂಲ್ಯವಾದದ್ದನ್ನು ಎನ್‌ಟಿಎಫ್‌ಎಸ್‌ನಲ್ಲಿ ಇಟ್ಟುಕೊಳ್ಳಬಾರದು.

ಇನ್ನೊಂದು ತೊಂದರೆಗೆ ಈ ಎರಡು ಡ್ರೈವರ್‌ಗಳು ಕಾರಣವಲ್ಲ, ಆದರೂ ಬೈಗುಳ ಇವಕ್ಕೇ ಬೀಳುತ್ತದೆ. ಸಂಜೆ ವಿಂಡೋಸ್‌ನಲ್ಲಿ ಆಲ್ಬಂ ಕೆಲಸ ಮುಗಿಸಿ ಶಟ್‌ಡೌನ್ ಮಾಡಿ, ಬೆಳಿಗ್ಗೆ ಲಿನಕ್ಸ್ ತೆರೆದರೆ ಡಿ ಡ್ರೈವ್‌ನ ಚಿತ್ರಗಳೆಲ್ಲ ಕಾಣುತ್ತವೆ, ಹೊಸದೇನನ್ನೂ ಉಳಿಸಲಾಗುವುದಿಲ್ಲ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಿಂದ ಹೀಗಾಗುತ್ತದೆ. ಇದು ಚಾಲೂ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಮುಚ್ಚುವುದಲ್ಲ. ವಿಂಡೋಸ್ ತನ್ನ ಕರ್ನಲ್‌ನ ನೆನಪನ್ನು, ಡಿಸ್ಕಿನಲ್ಲಿ ಏನೇನು ಎಲ್ಲೆಲ್ಲಿದೆ ಎಂಬ ಲೆಕ್ಕದ ಸಮೇತ, ಒಂದು ಫೈಲಿನಲ್ಲಿ ಬರೆದಿಟ್ಟು ಮಲಗುತ್ತದೆ. ಈ ನಡುವೆ ನಾವು ಲಿನಕ್ಸ್‌ನಿಂದ ಆ ಡಿಸ್ಕಿಗೆ ಏನಾದರೂ ಬರೆದರೆ, ಎಚ್ಚರವಾದ ವಿಂಡೋಸ್ ತನ್ನ ಹಳೆಯ ಲೆಕ್ಕವನ್ನೇ ನಂಬಿ ಕೆಲಸ ಮುಂದುವರಿಸಿ ಹೊಸದನ್ನು ಹಾಳುಮಾಡಬಹುದು. ಎನ್‌ಟಿಎಫ್‌ಎಸ್-3ಜಿ ಇದನ್ನು ಗುರುತಿಸಿ, ಮೆಟಾಡೇಟಾ (ಡಿಸ್ಕಿನ ಆ ಲೆಕ್ಕ) ವಿಂಡೋಸ್‌ನ ಕ್ಯಾಶ್‌ನಲ್ಲಿ ಉಳಿದಿದೆ ಎಂದು ತಿಳಿಸಿ, ಓದಲು ಮಾತ್ರ ಬಿಡುತ್ತದೆ. ಇದನ್ನು ನಾನು ಅದರ ಗುಣವೆಂದೇ ಎಣಿಸುತ್ತೇನೆ. ಈ ಸ್ಥಿತಿಯಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಓಡಿಸಿ ಬೀಗ ತೆಗೆಯಿರಿ ಎಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ನಿನ ಕೆಲಸವನ್ನು ಆರಿಸುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಎದುರಿನ ಗುರುತನ್ನು ತೆಗೆದುಬಿಟ್ಟರೆ ಈ ಸಮಸ್ಯೆ ಬೇರುಸಹಿತ ಹೋಗುತ್ತದೆ. ಅವಸರವಿದ್ದರೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ನೇರವಾಗಿ ಲಿನಕ್ಸ್‌ಗೆ ಬರಬಹುದು, ಏಕೆಂದರೆ ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿಯಾಗಿ ಮುಚ್ಚುತ್ತದೆ.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರು ಗಮನಿಸಬೇಕಾದ ವಿಷಯವೊಂದಿದೆ. ಇದರ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ನಮ್ಮ ಸ್ಟುಡಿಯೊದಲ್ಲಿ ಫೋಲ್ಡರಿಗೆ ವಧೂವರರ ಹೆಸರು, ಊರು, ಕಲ್ಯಾಣ ಮಂಟಪ, ದಿನಾಂಕ ಎಲ್ಲವನ್ನೂ ಕನ್ನಡದಲ್ಲೇ ಬರೆಯುವ ರೂಢಿಯಿದೆ. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರು 255 ಸಂಕೇತಗಳವರೆಗೆ ಇರಬಹುದು, ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೂ ಅಲ್ಲಿ ಒಂದೇ ಲೆಕ್ಕ. ಲಿನಕ್ಸ್‌ನ ಸ್ವಂತ ಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಮಿತಿ 255 ಬೈಟ್, ಮತ್ತು ಕನ್ನಡದ ಪ್ರತಿ ಸಂಕೇತ ಅಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ‘ಲಕ್ಷ್ಮಿ’ ಎಂಬುದು ಕಣ್ಣಿಗೆ ಎರಡೇ ಅಕ್ಷರವಾದರೂ ಒತ್ತಕ್ಷರಗಳು ಬಿಡಿಸಿಕೊಂಡಾಗ 7 ಸಂಕೇತವಾಗಿ, 21 ಬೈಟ್ ಆಗುತ್ತದೆ. ಹೀಗೆ 85 ಸಂಕೇತ ದಾಟಿದ ನಮ್ಮ ಹಲವು ಫೋಲ್ಡರುಗಳು ಡಿ ಡ್ರೈವ್‌ನಿಂದ ಎಕ್ಸ್‌ಟಿ4 ಪಾರ್ಟಿಷನ್ನಿಗೆ ನಕಲಾಗದೆ, ಹೆಸರು ಉದ್ದವಾಯಿತೆಂಬ ಸೂಚನೆಯೊಂದಿಗೆ ನಿಂತುಬಿಟ್ಟವು. ವಿಂಡೋಸ್‌ನಲ್ಲಿದ್ದುಕೊಂಡು ಹೆಸರುಗಳನ್ನು ಒಂದೊಂದಾಗಿ ಮೊಟಕುಗೊಳಿಸಲು ಎರಡು ಭಾನುವಾರ ಹಿಡಿಯಿತು.

ತಿರುಗಾ ದಿಕ್ಕಿನಲ್ಲೂ ಎಚ್ಚರ ಬೇಕು. ‘ಮುಹೂರ್ತ 10:45’ ಎಂದು ನಮ್ಮ ಹುಡುಗ ಲಿನಕ್ಸ್‌ನಲ್ಲಿ ಹೆಸರಿಟ್ಟ ಫೋಲ್ಡರನ್ನು ವಿಂಡೋಸ್ ತೆರೆಯಲೊಪ್ಪಲಿಲ್ಲ, ಏಕೆಂದರೆ ಹೆಸರಿನಲ್ಲಿ ಕೋಲನ್ ಚಿಹ್ನೆಗೆ ಅಲ್ಲಿ ಅವಕಾಶವಿಲ್ಲ. ಎನ್‌ಟಿಎಫ್‌ಎಸ್-3ಜಿಗೆ ‘ವಿಂಡೋಸ್ ನೇಮ್ಸ್’ ಎಂಬ ಆಯ್ಕೆ ಕೊಟ್ಟು ಮೌಂಟ್ ಮಾಡಿದರೆ ಅಂಥ ಹೆಸರನ್ನು ಇಡುವಾಗಲೇ ಅದು ತಡೆಯುತ್ತದೆ.

ಪ್ರತಿ ಸಲ ಡ್ರೈವ್ ತಾನಾಗಿ ತೆರೆಯಲು, ಯಾವ ಡಿಸ್ಕುಗಳನ್ನು ತೆರೆಯಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆಯಬೇಕು. ಡಿಸ್ಕನ್ನು ಅದರ ಯುಯುಐಡಿ ಎಂಬ ಗುರುತು ಸಂಖ್ಯೆಯಿಂದ ಹೆಸರಿಸುವುದು, ಮಾಲೀಕತ್ವಕ್ಕೆ ನಮ್ಮ ಬಳಕೆದಾರ ಸಂಖ್ಯೆ ಕೊಡುವುದು, ಇವನ್ನು ಎಲ್ಲರೂ ಹೇಳುತ್ತಾರೆ. ‘ನೋಫೇಲ್’ ಎಂಬ ಪದವನ್ನು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ, ಕರೆಂಟ್ ಹೋದ ಮರುದಿನ ಡಿ ಡ್ರೈವ್ ಮೌಂಟ್ ಆಗದ ಒಂದೇ ಕಾರಣಕ್ಕೆ ಇಡೀ ಲಿನಕ್ಸ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ, ಅಂಗಡಿಯ ಕೆಲಸವೂ ಅದರೊಂದಿಗೆ ನಿಲ್ಲುತ್ತದೆ.

ಪೆನ್ ಡ್ರೈವ್‌ಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿ ಒಂದು ಫೈಲ್ 4 ಜಿಬಿಯನ್ನು ಮುಟ್ಟುವಂತಿಲ್ಲದ ಕಾರಣ ಮದುವೆಯ ವಿಡಿಯೊಗೆ ಅದು ಪ್ರಯೋಜನವಿಲ್ಲ. ಗ್ರಾಹಕರಿಗೆ ಕೊಡುವುದನ್ನು ಎಕ್ಸ್‌ಫ್ಯಾಟ್‌ನಲ್ಲಿ ಕೊಡುತ್ತೇವೆ, ಲಿನಕ್ಸ್ ಅದನ್ನು ಚೆನ್ನಾಗಿಯೇ ನಿಭಾಯಿಸುತ್ತದೆ.

ಈಗ ಡಿ ಡ್ರೈವನ್ನು ಮತ್ತೆ ಎನ್‌ಟಿಎಫ್‌ಎಸ್-3ಜಿಯಲ್ಲೇ ತೆರೆಯುತ್ತಿದ್ದೇನೆ, ವಿಳಂಬವನ್ನು ಒಪ್ಪಿಕೊಂಡಿದ್ದೇನೆ. ಗ್ರಾಹಕರು ತರುವ ಹಾರ್ಡ್ ಡಿಸ್ಕ್‌ಗಳಿಂದ ಚಿತ್ರಗಳನ್ನು ಇಳಿಸಿಕೊಳ್ಳುವಾಗ ಮಾತ್ರ, ಓದಲಷ್ಟೇ ಬರುವಂತೆ ಎನ್‌ಟಿಎಫ್‌ಎಸ್3 ಬಳಸುತ್ತೇನೆ. ಅಲ್ಲಿ ಅದರ ವೇಗಕ್ಕೆ ಬೆಲೆಯಿದೆ, ಬರೆಯುವ ಅಪಾಯವಿಲ್ಲ. ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಮುಗಿದ ಆಲ್ಬಂಗಳನ್ನು ಹೊಸದಾಗಿ ಕೊಂಡ ಎಕ್ಸ್‌ಟಿ4 ಡಿಸ್ಕಿಗೆ ವರ್ಷದ ಲೆಕ್ಕದಲ್ಲಿ ಸಾಗಿಸುತ್ತಿದ್ದೇನೆ, 2019ರವರೆಗೆ ಬಂದಿದ್ದೇನೆ. ವಿಂಡೋಸ್‌ನಲ್ಲಿ ಇನ್ನೂ ಕೆಲಸ ಬಾಕಿಯಿರುವ ಮದುವೆಗಳು ಮಾತ್ರ ಡಿ ಡ್ರೈವ್‌ನಲ್ಲಿ ಉಳಿಯುತ್ತವೆ.