ಮೊದಲ ರಾಕ್ ಅಂಡ್ ರೋಲ್ ಯಾವುದು: ಮೂರು ಮುದ್ರಿಕೆಗಳನ್ನು ಕೇಳಿ ನೋಡಿದಾಗ

ರಾಕ್ ಅಂಡ್ ರೋಲ್‌ನ ಮೊದಲ ಧ್ವನಿಮುದ್ರಿಕೆ ಯಾವುದೆಂಬ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರುಗಳಲ್ಲಿ 1951ರ ‘ರಾಕೆಟ್ 88’, 1954ರ ಏಪ್ರಿಲ್ 12ರಂದು ಮುದ್ರಣಗೊಂಡ ‘ರಾಕ್ ಅರೌಂಡ್ ದ ಕ್ಲಾಕ್’ ಮತ್ತು ಅದೇ ವರ್ಷದ ಜುಲೈ 5ರ ‘ದಟ್ಸ್ ಆಲ್ ರೈಟ್’ ಮುಖ್ಯವಾದವು. ಇವನ್ನು ಕಿವಿಯಿಂದಲೇ ತೂಗಿ ನೋಡಬೇಕೆಂದು ಒಂದು ವಾರ ಪ್ರತಿ ರಾತ್ರಿ ಊಟವಾದ ಮೇಲೆ ಮೂರನ್ನೂ ಬೆನ್ನುಬೆನ್ನಿಗೆ, ಮೊದಲು ಫೋನಿನ ಸ್ಪೀಕರಿನಲ್ಲಿ, ಅನಂತರ ಹೆಡ್‌ಫೋನಿನಲ್ಲಿ ಕೇಳಿದೆ.

ಫೋನಿನಲ್ಲಿ ‘ರಾಕೆಟ್ 88’ ಸೋತಿತು. ಪಿಯಾನೋ, ಸ್ಯಾಕ್ಸೋಫೋನ್ ಮತ್ತು ಹಾಡುಗಾರನ ದನಿ ಮಾತ್ರ ಉಳಿದು, ಗಿಟಾರ್ ಬಹುಪಾಲು ಮಾಯವಾಯಿತು. ಹೆಡ್‌ಫೋನ್ ಹಾಕಿದ ಕೂಡಲೇ ಕಾರಣ ತಿಳಿಯಿತು: ವಿಲ್ಲಿ ಕಿಝಾರ್ಟ್ ಅವರ ಗಿಟಾರ್ ಇಲ್ಲಿ ಕೆಳಸ್ಥಾಯಿಯಲ್ಲಿ, ಬಾಸ್ ನುಡಿಸಬೇಕಾದ ಸಾಲನ್ನೇ ನುಡಿಸುತ್ತ, ಒಡಕು ದನಿಯಲ್ಲಿ ಗುರುಗುಟ್ಟುತ್ತಿರುತ್ತದೆ. ಮಿಸಿಸಿಪ್ಪಿಯಿಂದ ಮೆಂಫಿಸ್‌ಗೆ ಬರುವ ದಾರಿಯಲ್ಲಿ ಆಂಪ್ಲಿಫೈಯರ್‌ಗೆ ಪೆಟ್ಟಾಗಿತ್ತು. ಯೂನಿಯನ್ ಅವೆನ್ಯೂವಿನ 706ನೆಯ ಸಂಖ್ಯೆಯ ಪುಟ್ಟ ಸ್ಟುಡಿಯೋದಲ್ಲಿ ಅದರ ಒಡೆಯ ಸ್ಯಾಮ್ ಫಿಲಿಪ್ಸ್ ಆ ಆಂಪ್ಲಿಫೈಯರ್‌ನ ಸ್ಪೀಕರಿನೊಳಗೆ ಕಾಗದ ತುರುಕಿಸಿ, ಆ ಒಡಕನ್ನು ಮುಚ್ಚಿಡದೆ ಮುಂದಕ್ಕೆ ತಂದರು. ಮುಂದೆ ಎರಡು ತಲೆಮಾರಿನ ಗಿಟಾರ್ ವಾದಕರು ಬೇಕೆಂದೇ ಹುಡುಕಿದ ದನಿ ಇದು. ನುಡಿಸಿದ್ದು ಐಕ್ ಟರ್ನರ್ ಅವರ ತಂಡವಾದರೂ ತಟ್ಟೆಯ ಮೇಲೆ ಅಚ್ಚಾದದ್ದು ಹಾಡಿದ ಜಾಕಿ ಬ್ರೆನ್ಸ್ಟನ್ ಅವರ ಹೆಸರು, ಮತ್ತು ಅಂಥದೊಂದು ಪಿಯಾನೋ ಆರಂಭವನ್ನು ಕೊಟ್ಟವರ ಹೆಸರು ಅಲ್ಲಿಲ್ಲದಿರುವುದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

‘ದಟ್ಸ್ ಆಲ್ ರೈಟ್’ ಮುದ್ರಣವಾದದ್ದೂ ಅದೇ ಕೋಣೆಯಲ್ಲಿ, ಅದೇ ಫಿಲಿಪ್ಸ್ ಅವರ ಕೈಯಲ್ಲಿ. ಆರ್ಥರ್ ಕ್ರೂಡಪ್ ಅವರ ಹಳೆಯ ಬ್ಲೂಸ್ ಹಾಡನ್ನು 19 ವರ್ಷದ ಎಲ್ವಿಸ್ ಪ್ರೀಸ್ಲಿ, ಗಿಟಾರಿನ ಸ್ಕಾಟಿ ಮೂರ್ ಮತ್ತು ಡಬಲ್ ಬಾಸ್‌ನ ಬಿಲ್ ಬ್ಲ್ಯಾಕ್ ಸೇರಿ ನುಡಿಸಿದ್ದಾರೆ, ಡ್ರಮ್ ಇಲ್ಲ. ಆದರೂ ತಾಳ ಎಲ್ಲಿಯೂ ಸಡಿಲವಾಗುವುದಿಲ್ಲ, ಏಕೆಂದರೆ ಬ್ಲ್ಯಾಕ್ ತಂತಿಯನ್ನು ಎಳೆದು ಬಿಟ್ಟಾಗ ಅದು ಮರದ ಪಟ್ಟಿಗೆ ಬಡಿದು ಹೊರಡಿಸುವ ಚಟಚಟ ಸದ್ದೇ ಡ್ರಮ್ಮಿನ ಕೆಲಸ ಮಾಡುತ್ತದೆ. ಆ ಸದ್ದು ಫೋನಿನಲ್ಲಿಯೂ ಉಳಿಯಿತು. ಫಿಲಿಪ್ಸ್ ಅವರ ಧ್ವನಿಮುದ್ರಿಕಾ ಸಂಸ್ಥೆಯಾದ ಸನ್‌ನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಪ್ರತಿಧ್ವನಿಯನ್ನು ಕೇಳಬೇಕಾದವರು ತಟ್ಟೆಯ ಇನ್ನೊಂದು ಬದಿಯ ‘ಬ್ಲೂ ಮೂನ್ ಆಫ್ ಕೆಂಟಕಿ’ಯನ್ನು ಕೇಳಬೇಕು. ಟೇಪು ಮುದ್ರಿಸುವ ಹೆಡ್‌ನಿಂದ ಓದುವ ಹೆಡ್‌ಗೆ ತಲುಪಲು ಹಿಡಿಯುವ ಕ್ಷಣಾರ್ಧದ ವಿಳಂಬವನ್ನೇ ಮೂಲ ದನಿಯೊಂದಿಗೆ ಬೆರೆಸಿದಾಗ ಹುಟ್ಟುವ ಮರುದನಿ ಅದು.

ಬಿಲ್ ಹೇಲಿ ಅವರ ‘ರಾಕ್ ಅರೌಂಡ್ ದ ಕ್ಲಾಕ್’ ಮೂರರಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆ. ನ್ಯೂಯಾರ್ಕಿನ ಪಿಥಿಯನ್ ಟೆಂಪಲ್‌ನ ವಿಶಾಲವಾದ ಸಭಾಂಗಣದಲ್ಲಿ ಡೆಕ್ಕಾ ಸಂಸ್ಥೆಗಾಗಿ ಮಾಡಿದ ಈ ಮುದ್ರಣದಲ್ಲಿ ಡ್ರಮ್ಮಿನ ಅಂಚಿನ ಹೊಡೆತಗಳು ಕತ್ತರಿಸಿದಂತೆ ಬೀಳುತ್ತವೆ. ಡ್ಯಾನಿ ಸೆಡ್ರೋನ್ ಅವರ ಗಿಟಾರ್ ಸೋಲೋ ಹಾಡಿನ ಪ್ರಾಣ. 1952ರಲ್ಲಿ ಹೇಲಿ ಅವರದೇ ಇನ್ನೊಂದು ಹಾಡಿಗೆ ನುಡಿಸಿದ್ದನ್ನು ಅವರು ಇಲ್ಲಿ ಮತ್ತೆ ನುಡಿಸಿದರು. 1955ರ ಜುಲೈನಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿ ಏರಿದಾಗ ಅದನ್ನು ಕಾಣಲು ಸೆಡ್ರೋನ್ ಅವರೇ ಇರಲಿಲ್ಲ. ಮುದ್ರಣವಾಗಿ ಎರಡೇ ತಿಂಗಳಿಗೆ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡಿದ್ದರು.

ಜನಪ್ರಿಯತೆಯೇ ಅಳತೆಗೋಲಾದರೆ ಹೇಲಿ ಅವರ ಹಾಡಿಗೆ ಎದುರಿಲ್ಲ, ಮತ್ತೆ ಮತ್ತೆ ಕೇಳುವ ಸುಖಕ್ಕಾದರೆ ನಾನು ಎಲ್ವಿಸ್‌ಗೇ ಮರಳುತ್ತೇನೆ. ಆದರೆ ಮೈಲಿಗಲ್ಲೆಂದು ಒಂದನ್ನೇ ಆರಿಸಬೇಕಾದರೆ ನನ್ನ ಮತ ‘ರಾಕೆಟ್ 88’ಕ್ಕೆ. ಅದರ ರಾಗವೂ ಲಯವೂ ಹಿಂದಿನ ಜಂಪ್ ಬ್ಲೂಸ್ ಎಂಬ ಚುರುಕು ಲಯದ ಬ್ಲೂಸ್ ಶೈಲಿಯಿಂದ ಬಂದವೆಂಬ ಆಕ್ಷೇಪ ಸರಿಯೇ, ಆದರೆ ಉಳಿದ ಎರಡೂ ಹಳೆಯದರಿಂದ ಪಡೆದೇ ಬೆಳೆದವು. ಆ ಒಡಕು ಗಿಟಾರ್ ಮಾತ್ರ ಇವೆರಡರಲ್ಲಿಯೂ ಇಲ್ಲ. ಕೇಳುವವರು ದಯವಿಟ್ಟು ಫೋನನ್ನು ಬದಿಗಿಟ್ಟು, ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು.