ವಾರಕ್ಕೊಮ್ಮೆ ಹೋಗುವ ಚಿಟ್ಟೆ ತೋಟಕ್ಕೆ ಎಕ್ಕವೋ, ಕರಿಬೇವೋ, ಈಶ್ವರಿ ಬಳ್ಳಿಯೋ?

ಸಕಲೇಶಪುರದ ಹತ್ತಿರ ಹೇಮಾವತಿ ದಡದಲ್ಲಿ ಪುಟ್ಟ ಮನೆ, ಹೋಗೋದು ಶನಿವಾರ ಭಾನುವಾರ ಮಾತ್ರ, ಚಿಟ್ಟೆಗೆ ಯಾವ ಗಿಡ ಹಾಕಲಿ ಅಂತ ಕೇಳಿದ್ದೀರಿ. ಹೂವಿಗಿಂತ ಮೊದಲು ಮರಿಹುಳು ತಿನ್ನುವ ಎಲೆ ನೋಡಿ.

ನೀರು ಹಾಕೋರು ಇಲ್ಲದಿದ್ದರೆ ಎಕ್ಕವೇ ಗಟ್ಟಿ. ಬೇಸಿಗೆಯಲ್ಲೂ ಬದುಕುತ್ತದೆ, ಪ್ಲೇನ್ ಟೈಗರ್ ಚಿಟ್ಟೆ ಬಂದು ಮೊಟ್ಟೆ ಇಡುತ್ತದೆ. ಆದರೆ ನೀರು ನಿಲ್ಲುವ ಜಾಗ ಅದಕ್ಕೆ ಆಗಲ್ಲ, ದಡದಿಂದ ಮೇಲೆ ನೆಡಿ. ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಚಿಕ್ಕ ಮಕ್ಕಳಿದ್ದರೆ ಬೇಡವೇ ಬೇಡ.

ಮಕ್ಕಳಿರುವ ಮನೆಗೆ ಕರಿಬೇವು ಒಳ್ಳೆಯದು. ಮೊದಲ ವರ್ಷ ನೀರು ಬೇಕು, ಪಕ್ಕದ ಮನೆಯವರಿಗೆ ಹೇಳಿಡಿ. ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳು ಎಲೆ ಮೇಲೆ ಕಂಡರೆ ದಯವಿಟ್ಟು ಔಷಧಿ ಹೊಡೆಯಬೇಡಿ, ಅದೇ ಮುಂದೆ ಕಾಮನ್ ಮಾರ್ಮನ್ ಚಿಟ್ಟೆ ಆಗೋದು! ಎರಡು ಗಿಡ ಹಾಕಿ, ಒಂದು ಅಡುಗೆಗೆ, ಒಂದು ಅವಕ್ಕೆ.

ಖರ್ಚು ಮೂರಕ್ಕೂ ಜಾಸ್ತಿ ಇಲ್ಲ. ಈಶ್ವರಿ ಬಳ್ಳಿ ಹುಡುಕೋದೇ ಕಷ್ಟ, ಹಾಗಂತ ಕಾಡಿಂದ ಕೀಳಬೇಡಿ. ಅದೂ ವಿಷದ ಗಿಡ, ಬಾಯಿಗೆ ಹಾಕುವಂತಿಲ್ಲ. ಹಬ್ಬಲು ಮರ, ಸ್ವಲ್ಪ ನೆರಳು, ಕಾಯುವ ತಾಳ್ಮೆ ಇದ್ದರೆ ಮಾತ್ರ ಇದನ್ನು ಆರಿಸಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಈ ಬಳ್ಳಿಯಲ್ಲಿ ಮೊಟ್ಟೆ ಇಡುತ್ತದೆ.